ಕೋತ್ ಕಿಟಕಿ: ಎಆರ್ ಕೊಳ್ಳಲೋ, ಎಕೆ ಕೊಳ್ಳಲೋ?

(ಸೇನೆಯ ಇಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ವಿಭಾಗದಲ್ಲಿ ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಪಲ್ಟನ್ನಿನಲ್ಲಿ ಬಂದೂಕು ಇಡುವ ಕೋಣೆಗೆ ಕೋತ್ ಎನ್ನುತ್ತಾರೆ.)

ಪ್ರಶ್ನೆ: ಸರ್, ನಾನು ಹಾಸನದವನು. ಹನ್ನೆರಡು ವರ್ಷದಿಂದ ಟೆಕ್ಸಾಸ್‌ನ ಪ್ಲೇನೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆಫೀಸಿನ ಗೆಳೆಯರು ವಾರಾಂತ್ಯದಲ್ಲಿ ಶೂಟಿಂಗ್ ರೇಂಜಿಗೆ ಹೋಗುತ್ತಾರೆ, ಜೊತೆಗೆ ಹೋಗಿ ನೋಡಿ ನನಗೂ ಹುಚ್ಚು ಹಿಡಿದಿದೆ. ಈಗ ಸ್ವಂತದ್ದೊಂದು ಸೆಮಿ ಆಟೊಮ್ಯಾಟಿಕ್ ರೈಫಲ್ (ಟ್ರಿಗರ್ ಒತ್ತಿದಷ್ಟು ಸಲ ಒಂದೊಂದೇ ಗುಂಡು ಹಾರುವಂಥದ್ದು) ಕೊಳ್ಳುವ ಆಸೆ. ಅರ್ಧ ಜನ ಅಮೆರಿಕದ ಎಆರ್-15 ತಗೋ ಅನ್ನುತ್ತಾರೆ. ಇನ್ನರ್ಧ ಜನ ರಷ್ಯಾ ಮೂಲದ ಎಕೆ ತಗೋ, ಕೆಸರಲ್ಲಿ ಹೂತು ತೆಗೆದರೂ ಹೊಡೆಯುತ್ತೆ ಅನ್ನುತ್ತಾರೆ. ಗುರಿ ಅಭ್ಯಾಸವೇ ಮುಖ್ಯ, ಮನೆಯ ರಕ್ಷಣೆಗೂ ಆದರೆ ಆಗಲಿ. ನೀವು ಇವನ್ನೆಲ್ಲ ಬಿಚ್ಚಿ ಜೋಡಿಸಿದವರು. ಯಾವುದು ಒಳ್ಳೆಯದು?
— ಎಸ್. ಆರ್., ಪ್ಲೇನೋ

ಉತ್ತರ: ರೈಫಲ್ ವಿಷಯ ಆಮೇಲೆ. ಮೊದಲು ನಿಮ್ಮ ವೀಸಾ ಯಾವುದು ನೋಡಿಕೊಳ್ಳಿ. ಹನ್ನೆರಡು ವರ್ಷ ಅಂದಿದ್ದೀರಿ, ಗ್ರೀನ್ ಕಾರ್ಡ್ ಬಂದಿದೆಯೋ ಇಲ್ಲವೋ ಬರೆದಿಲ್ಲ. ನಮ್ಮವರಲ್ಲಿ ಅಷ್ಟು ವರ್ಷವಾದರೂ ಇನ್ನೂ ಕ್ಯೂನಲ್ಲೇ ನಿಂತವರು ಬೇಕಾದಷ್ಟು ಮಂದಿ ಇದ್ದಾರೆ. ಎಚ್-1ಬಿ ಮೇಲಿದ್ದರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನೀವು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಗೆಳೆಯರ ಮಾತು ಕೇಳಿ ನಂಬಬೇಡಿ, ವಕೀಲರಿಗೆ ದುಡ್ಡು ಕೊಟ್ಟು ಕೇಳಿ. ಅಂಗಡಿಯಲ್ಲಿ 4473 ನಂಬರಿನ ಫಾರಂ ತುಂಬಿಸುತ್ತಾರೆ, ವೀಸಾದ ಪ್ರಶ್ನೆ ಅದರಲ್ಲೇ ಇದೆ. ಅಲ್ಲಿ ಸುಳ್ಳು ಬರೆದರೆ ಜೈಲಿಗೆ ಹೋಗುವ ಅಪರಾಧ, ಆಮೇಲೆ ದೇಶದಲ್ಲಿ ಉಳಿಯುವ ಮಾತೇ ಕಷ್ಟ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ, ಮುಂದೆ ಓದಿ.

ನನ್ನದೇ ಕಥೆ ಕೇಳಿ. ಮಗಳ ಮನೆ ಆಸ್ಟಿನ್ ಹತ್ತಿರ. ಹೋದಾಗ ಅಳಿಯ ಖುಷಿಯಿಂದ ರೇಂಜಿಗೆ ಕರೆದುಕೊಂಡು ಹೋದ. ನನ್ನದು ಬಿ-2, ಅಂದರೆ ಪ್ರವಾಸಿ ವೀಸಾ, ಅದಕ್ಕೂ ಅದೇ ಕಾನೂನು. ಇಡೀ ಸರ್ವಿಸ್ ರೈಫಲ್ ಎಣ್ಣೆಯಲ್ಲಿ ಕೈ ಅದ್ದಿಕೊಂಡು ಕಳೆದವನು ಗಾಜಿನಾಚೆ ಕಾಫಿ ಹಿಡಿದು ನಿಂತಿದ್ದೆ. ಒಳಗೆ ಅಳಿಯನ ಎಆರ್ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅವನು ಮ್ಯಾಗಜಿನ್‌ಗೆ ಬೈಯುತ್ತಿದ್ದ. ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟ್ ಹಿಂದೆ ಸರಿಯುವ ರೀತಿ ನೋಡಿದರೇ ಗೊತ್ತಾಗುತ್ತಿತ್ತು, ಒಳಗೆ ಒಂದು ಹನಿ ಎಣ್ಣೆಯಿಲ್ಲ. ಕೈಸನ್ನೆಯಲ್ಲಿ ಹೇಳಿದೆ. ಪಕ್ಕದ ಲೇನಿನ ಅಜ್ಜನೊಬ್ಬ ಅರ್ಥ ಮಾಡಿಕೊಂಡು ತನ್ನ ಎಣ್ಣೆ ಡಬ್ಬಿ ಕೊಟ್ಟ. ಆಮೇಲೆ ಸರಾಗ.

ಇಷ್ಟು ಹೇಳಿದ ಮೇಲೆ ನಿಮಗೆ ಉತ್ತರ ಹೊಳೆದಿರಬೇಕು, 'ಎಆರ್ ಎಣ್ಣೆ ಕೇಳುತ್ತೆ, ಎಕೆ ಕೇಳಲ್ಲ, ಹಾಗಾದರೆ ಎಕೆ' ಅಂತ. ಅಲ್ಲ. ಎಆರ್ ತಗೊಳ್ಳಿ.

ಕಾರಣ ಹೇಳುತ್ತೇನೆ. ಎಕೆಯ ಕೀರ್ತಿ ಸುಳ್ಳಲ್ಲ. 1993–94ರಲ್ಲಿ ವಿಶ್ವಸಂಸ್ಥೆಯ ಕಾರ್ಯಾಚರಣೆಗೆ ನಮ್ಮ ಬ್ರಿಗೇಡ್ ಸೋಮಾಲಿಯಾಕ್ಕೆ ಹೋಗಿತ್ತಲ್ಲ, ಬೈಡೋವಾದಲ್ಲಿ ವಶಪಡಿಸಿಕೊಂಡ ಬಂದೂಕುಗಳ ರಾಶಿ ನಮ್ಮ ವರ್ಕ್‌ಶಾಪಿನ ಮುಂದೆ ಬೀಳುತ್ತಿತ್ತು. ಎಕೆ, ಎಂ-16 (ಎಆರ್‌ನ ಸೇನಾ ರೂಪ), ಜರ್ಮನಿಯ ಜಿ-3 ಎಲ್ಲ ಒಂದೇ ಗುಡ್ಡೆ. ಭುಜಕ್ಕೆ ಒತ್ತುವ ಬಟ್ ಮುರಿದು ತಂತಿ ಸುತ್ತಿದ ಎಕೆಗಳು, ತುಕ್ಕು ಹಿಡಿದು ಬಣ್ಣ ಹೋದವು. ಅವುಗಳ ಬೋಲ್ಟ್ ಎಳೆದರೆ ಬರುತ್ತಿತ್ತು. ಪಕ್ಕದಲ್ಲಿದ್ದ ಎಂ-16ಗಳನ್ನು ಯಾರೂ ಒಮ್ಮೆಯೂ ತೊಳೆದಿರಲಿಲ್ಲ, ಅವು ಬರುತ್ತಿರಲಿಲ್ಲ.

ಅದರ ಗುಟ್ಟು ಒಳಗಿನ ಏರ್ಪಾಟಿನಲ್ಲಿದೆ. ಗುಂಡು ಹಾರಿದಾಗ ನಳಿಗೆಯಿಂದ ಸ್ವಲ್ಪ ಗ್ಯಾಸನ್ನು ಕದ್ದು ಅದರ ಬಲದಿಂದ ಬೋಲ್ಟನ್ನು ಹಿಂದೆ ತಳ್ಳುವುದು ಎರಡರಲ್ಲೂ ಇದೆ. ಎಕೆಯಲ್ಲಿ ಆ ಗ್ಯಾಸು ಉದ್ದನೆಯ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಬೋಲ್ಟನ್ನು ಹೊರುವ ಬೋಲ್ಟ್ ಕ್ಯಾರಿಯರಿಗೆ ಸೇರಿಕೊಂಡೇ ಇರುತ್ತದೆ. ತೂಕದ ಉಕ್ಕಿನ ತುಂಡು ಹಿಂದೆ ಮುಂದೆ ಓಡುವಾಗ ಮಧ್ಯೆ ಸಿಕ್ಕ ಮಣ್ಣು ಮಸಿಯನ್ನೆಲ್ಲ ಜಜ್ಜಿಕೊಂಡು ಹೋಗುತ್ತದೆ, ಸಂದುಗಳೂ ಸಡಿಲ. ಎಆರ್‌ನಲ್ಲಿ ಸಣ್ಣ ಕೊಳವೆಯೊಂದು ಗ್ಯಾಸನ್ನು ನೇರವಾಗಿ ಬೋಲ್ಟ್ ಕ್ಯಾರಿಯರಿನ ಒಳಕ್ಕೇ ತಂದು ಊದುತ್ತದೆ. ಹಗುರ, ನೇರ, ಕುಲುಕಾಟ ಕಡಿಮೆ. ಆದರೆ ಮಸಿಯೂ ಅಲ್ಲೇ ಬಂದು ಕೂರುತ್ತದೆ. ಆದ್ದರಿಂದ ಅದು ಸದಾ ಎಣ್ಣೆಯಿಂದ ಒದ್ದೆಯಾಗಿರಬೇಕು.

ಹಾಗಂತ ಕೆಸರಿನ ಕಥೆಯನ್ನು ಪೂರ್ತಿ ನುಂಗಬೇಡಿ. ಎಕೆಯ ಬಲಬದಿಯ ಸೇಫ್ಟಿ ಲಿವರ್ ಮೇಲಿದ್ದಾಗ ಬೋಲ್ಟ್ ಓಡಾಡುವ ಸೀಳು ಮುಚ್ಚಿರುತ್ತದೆ. ಹೊಡೆಯಲು ಲಿವರ್ ಕೆಳಗಿಳಿಸಿದಿರೋ, ಸೀಳು ಬಾಯಿ ತೆರೆದುಕೊಂಡು ಕೂರುತ್ತದೆ. ಗಟ್ಟಿ ಕೆಸರು ಅಲ್ಲಿಂದ ಒಳಹೊಕ್ಕರೆ ಎಕೆಯೂ ನಿಲ್ಲುತ್ತದೆ. ಎಆರ್‌ಗೆ ಅಲ್ಲೊಂದು ಸ್ಪ್ರಿಂಗ್ ಮುಚ್ಚಳ ಇದೆ. ಮುಚ್ಚಳ ಹಾಕಿದ ಎಆರ್ ಕೆಸರಿನಲ್ಲಿ ನಿಮ್ಮ ಗೆಳೆಯರು ಅಂದುಕೊಂಡದ್ದಕ್ಕಿಂತ ಎಷ್ಟೋ ವಾಸಿ. ಎಕೆ ಸಹಿಸುವುದು ಮುಖ್ಯವಾಗಿ ಆಲಸ್ಯವನ್ನು. ತಿಂಗಳುಗಟ್ಟಲೆ ಪುಲ್‌ಥ್ರೂ (ನಳಿಗೆಯೊಳಗೆ ಎಳೆದು ಶುಚಿ ಮಾಡುವ ಹಗ್ಗ) ಕಾಣದ, ಚಿಂದಿ ಮುಟ್ಟದ ಬಂದೂಕು ಹೊಡೆಯಬೇಕಾದರೆ ಎಕೆ ಬೇಕು. ಪ್ಲೇನೋದಲ್ಲಿ ನಿಮಗೆ ಅಷ್ಟೊಂದು ಆಲಸ್ಯಕ್ಕೆ ಕಾರಣ ಏನಿದೆ?

ಇನ್ನೊಂದು ಮಾತು, ಇದೇ ದೊಡ್ಡದು. ಎಕೆಯ ಹೆಸರು ಗಳಿಸಿಕೊಟ್ಟದ್ದು ನಕ್ಷೆಯೊಂದೇ ಅಲ್ಲ, ಕಾರ್ಖಾನೆ. 1941ರಲ್ಲಿ ಬ್ರಿಯಾನ್ಸ್ಕ್ ಬಳಿ ಗಾಯಗೊಂಡ ಟ್ಯಾಂಕ್ ಸಾರ್ಜೆಂಟ್ ಕಲಾಶ್ನಿಕೋವ್ ಅದನ್ನು ರೂಪಿಸಿದ್ದು ಎಲ್ಲರಿಗೂ ಗೊತ್ತು. ಆಮೇಲಿನದು ಅಷ್ಟು ಜನಕ್ಕೆ ಗೊತ್ತಿಲ್ಲ. ತಗಡನ್ನು ಅಚ್ಚೊತ್ತಿ ರಿಸೀವರ್ (ಬೋಲ್ಟ್, ಟ್ರಿಗರ್ ಕೂರುವ ಪೆಟ್ಟಿಗೆ) ಮಾಡಲು ಹೊರಟ ಇಝೆವ್ಸ್ಕ್ ಕಾರ್ಖಾನೆಗೆ ಮೊದಲಿಗೆ ಅದು ಒಗ್ಗಲೇ ಇಲ್ಲ. ಕೆಲವು ವರ್ಷ ಇಡೀ ಉಕ್ಕಿನ ಗಟ್ಟಿಯನ್ನು ಕೊರೆದು ರಿಸೀವರ್ ಮಾಡಿದರು. ತಗಡಿನದು ಸರಿಹೋಗಿ ಎಕೆಎಂ ಬಂದದ್ದು 1959ರಲ್ಲಿ. ಸರ್ಕಾರವೇ ಬೆನ್ನಿಗೆ ನಿಂತ ಅಷ್ಟು ದೊಡ್ಡ ಕಾರ್ಖಾನೆಗೆ ಹತ್ತು ವರ್ಷ ಹಿಡಿದ ಕೆಲಸ ಇದು.

ನಿಮ್ಮ ಊರಿನ ಅಂಗಡಿಯಲ್ಲಿ ತೂಗುಹಾಕಿರುವ ಎಕೆ ಆ ಕಾರ್ಖಾನೆಯದಲ್ಲ. ಇಂಥ ರೈಫಲ್‌ಗಳ ಆಮದಿಗೆ ಅಮೆರಿಕ 1989ರಲ್ಲೇ ಕಡಿವಾಣ ಹಾಕಿತು. ಆಮೇಲೆ ಬಂದವುಗಳಿಗೆ ವಿದೇಶಿ ಭಾಗ ಇಷ್ಟೇ ಇರಬೇಕೆಂಬ ನಿಯಮದಿಂದಾಗಿ ಹಲವು ಭಾಗ ಅಲ್ಲಿ ಬದಲಾಯಿಸುತ್ತಾರೆ. ಬಿಚ್ಚಿದ ಹಳೆಯ ಸೇನಾ ರೈಫಲ್‌ಗಳ ನಳಿಗೆ ತರಿಸುವುದು 2005ರಲ್ಲಿ ನಿಂತಿತು. 2014ರ ಮತ್ತು 2017ರ ನಿರ್ಬಂಧಗಳ ನಂತರ ರಷ್ಯಾದ ಹೊಸ ರೈಫಲ್ಲೂ ಬರುವುದಿಲ್ಲ. ಈಗ ಹೆಚ್ಚಾಗಿ ಸಿಗುವುದು ರೊಮೇನಿಯಾದ್ದು, ಸರ್ಬಿಯಾದ್ದು, ಪೋಲೆಂಡಿನದು, ಇಲ್ಲವೇ ಅಮೆರಿಕದಲ್ಲೇ ಮಾಡಿದ್ದು. ಸರ್ಬಿಯಾದ್ದು ಗಟ್ಟಿ, ತೂಕವೂ ಜಾಸ್ತಿ. ಅಮೆರಿಕದಲ್ಲಿ ಮಾಡಿದ ಕೆಲವದರಲ್ಲಿ ಬೋಲ್ಟ್ ಬೀಗ ಹಾಕುವ ಟ್ರನಿಯನ್ ಎಂಬ ಉಕ್ಕಿನ ಗಡ್ಡೆಯೇ ಮೆತ್ತಗಿದ್ದು, ಸಾವಿರಗಟ್ಟಲೆ ಗುಂಡು ಹಾರಿದ ಮೇಲೆ ಸವೆದು ಅಪಾಯಕ್ಕೆ ಬಂದದ್ದುಂಟು. ಎಲ್ಲವನ್ನೂ ಎಕೆ ಎಂದೇ ಮಾರುತ್ತಾರೆ. ಬೈಡೋವಾದ ಮರಳಲ್ಲಿ ಹೊಡೆದ ಎಕೆಯ ಕೀರ್ತಿಗೆ ನೀವು ದುಡ್ಡು ಕೊಡುತ್ತೀರಿ, ಕೈಗೆ ಬರುವುದು ಯಾರೋ ಎಲ್ಲೋ ರಿವೆಟ್ ಹೊಡೆದದ್ದು.

ಕೆಟ್ಟರೆ ರಿಪೇರಿಯೂ ಹಾಗೆಯೇ. ಎಕೆಯ ನಳಿಗೆಯನ್ನು ಟ್ರನಿಯನ್‌ಗೆ ಪ್ರೆಸ್‌ನಲ್ಲಿ ಒತ್ತಿ ಪಿನ್ ಹೊಡೆದಿರುತ್ತಾರೆ. ಬದಲಾಯಿಸಲು ಹೈಡ್ರಾಲಿಕ್ ಪ್ರೆಸ್ ಬೇಕು, ಗೇಜ್ ಹಿಡಿದು ಅಳೆಯುವ ಕೈ ಬೇಕು. ಎಆರ್ ಎರಡು ಪಿನ್ ತಳ್ಳಿದರೆ ಮೇಲಿನರ್ಧ ಕೆಳಗಿನರ್ಧವಾಗಿ ಬೇರೆಯಾಗುತ್ತದೆ, ನಳಿಗೆಯನ್ನು ಒಂದು ನಟ್ ಹಿಡಿದಿದೆ. ಎಆರ್ ವಿನ್ಯಾಸ ಮಾಡಿದವರು ಆರ್ಮಲೈಟ್ ಕಂಪನಿಯ ಯುಜೀನ್ ಸ್ಟೋನರ್, ಕಂಪನಿ ಅದರ ಹಕ್ಕನ್ನು 1959ರಲ್ಲಿ ಕೋಲ್ಟ್‌ಗೆ ಮಾರಿತು. ಪೇಟೆಂಟ್ ಮುಗಿದ ಮೇಲೆ ಊರಿಗೊಬ್ಬರು ತಯಾರಿಸಲು ಶುರುಮಾಡಿದರು, ಅಳತೆ ಮಾತ್ರ ಎಲ್ಲರದೂ ಒಂದೇ. ಯಾವ ಕಂಪನಿಯ ಬಲ್ಬಾದರೂ ನಿಮ್ಮ ಮನೆಯ ಹೋಲ್ಡರಿಗೆ ಕೂರುವ ಹಾಗೆ ಒಬ್ಬರ ಬೋಲ್ಟ್ ಇನ್ನೊಬ್ಬರ ರೈಫಲ್ಲಿಗೆ ಕೂರುತ್ತದೆ (ಕೂರಿಸಿದ ಮೇಲೆ ಹೆಡ್‌ಸ್ಪೇಸ್ ಗೇಜ್ ಹಾಕಿ ತೋಟಾ ಸರಿಯಾಗಿ ಕೂರುತ್ತದೆಯೇ ನೋಡಲೇಬೇಕು, ಆ ಮಾತು ಬೇರೆ). ಅಮೆರಿಕದ ಕಾನೂನಿಗೆ ಕೆಳಗಿನ ರಿಸೀವರ್ ಒಂದೇ ಬಂದೂಕು, ಉಳಿದದ್ದು ಬಿಡಿಭಾಗ. ಹತ್ತು ವರ್ಷದ ನಂತರ ನಳಿಗೆ ಸವೆದರೂ ನಿಮಗೆ ಚಿಂತೆಯಿಲ್ಲ.

ಎಆರ್‌ಗೆ ಅಂಟಿದ ಕೆಟ್ಟ ಹೆಸರು ವಿಯೆಟ್ನಾಂನದು. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಎಕೆ ಗೆಳೆಯ ಖಂಡಿತ ಎತ್ತುತ್ತಾನೆ. 1966–67ರಲ್ಲಿ ಎಂ-16 ಹಿಡಿದ ಅಮೆರಿಕದ ಹುಡುಗರು ಸಿಕ್ಕಿಕೊಂಡ ತೋಟಾವನ್ನು ಕೀಳಲಾರದೆ ಸತ್ತರು, ನಿಜ. ಆದರೆ ಪರೀಕ್ಷೆಯಲ್ಲಿ ಬಳಸಿದ ಮದ್ದು ಬಿಟ್ಟು ಬೇರೆ ಮದ್ದು ತುಂಬಿಸಿದ್ದರು. ಅದರಿಂದ ಬೋಲ್ಟಿನ ವೇಗ ಹೆಚ್ಚಿತು, ಮಸಿಯೂ ಹೆಚ್ಚಿತು. ಚೇಂಬರಿಗೆ (ನಳಿಗೆಯಲ್ಲಿ ತೋಟಾ ಕೂರುವ ಗೂಡಿಗೆ) ಕ್ರೋಮ್ ಲೇಪನ ಇರಲಿಲ್ಲ, ಆ ತೇವದಲ್ಲಿ ತುಕ್ಕು ಹಿಡಿಯಿತು. ಇದನ್ನು ಹೆಚ್ಚು ತೊಳೆಯಬೇಕಿಲ್ಲ ಎಂದು ನಂಬಿಸಿ, ತೊಳೆಯುವ ಸಾಮಾನನ್ನೂ ಸಾಕಷ್ಟು ಕೊಡಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ತನಿಖೆ ಮಾಡಿ ಛೀಮಾರಿ ಹಾಕಿತು. ಕ್ರೋಮ್ ಬಂತು, ಕಿಟ್ ಬಂತು, ಸಿಪಾಯಿಗೆ ಕಲಿಸಿದರು, ರೈಫಲ್ ಸರಿಹೋಯಿತು. ಆರ್ಮರರ್ ಆಗಿ ನನಗೆ ಆ ಕಥೆ ಕೇಳಿದಾಗೆಲ್ಲ ಸಿಟ್ಟು ಬರುವುದು ಬಂದೂಕಿನ ಮೇಲಲ್ಲ, ಕಿಟ್ ಕೊಡದೆ ಕೋತ್ ರಿಜಿಸ್ಟರಿಗೆ ಸಹಿ ಹಾಕಿದವನ ಮೇಲೆ.

ತೋಟಾದ ವಿಷಯ. ಎಕೆಯ 7.62×39 ಗುಂಡು ಸುಮಾರು 8 ಗ್ರಾಂ, ಸೆಕೆಂಡಿಗೆ 700 ಮೀಟರಿನ ಆಸುಪಾಸು ವೇಗ. ಎಆರ್‌ನ 5.56 ಗುಂಡು ಅದರ ಅರ್ಧ ತೂಕ, 900 ಮೀಟರಿಗೂ ಮೇಲೆ ವೇಗ. ನೂರು ಗಜದ ರೇಂಜಿನಲ್ಲಿ ಎರಡೂ ಮುಟ್ಟುತ್ತವೆ. ಇನ್ನೂರು ಮುನ್ನೂರು ಗಜಕ್ಕೆ ಹೋದಿರೋ, ಎಕೆಯ ಗುಂಡು ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ಸಾಧಾರಣ ಎಆರ್ ಕೂಡ ನೂರು ಗಜದಲ್ಲಿ ಎರಡು ಇಂಚಿನೊಳಗೆ ಗುಂಡು ಕೂರಿಸುತ್ತದೆ. ಎಕೆಯಲ್ಲಿ ಮೂರು ನಾಲ್ಕು ಇಂಚು ಬಂದರೆ ನಾನು ಬೆನ್ನು ತಟ್ಟುತ್ತೇನೆ. ಗುರಿ ಕಲಿಯುವವನಿಗೆ ತಪ್ಪು ತನ್ನದೋ ಬಂದೂಕಿನದೋ ಗೊತ್ತಾಗಬೇಕು. ಎಆರ್ ಅದನ್ನು ಮುಖದ ಮೇಲೆ ಹೊಡೆದಂತೆ ಹೇಳುತ್ತದೆ.

ಒಂದು ಕಾಲಕ್ಕೆ ಎಕೆ ಕೊಳ್ಳಲು ದೊಡ್ಡ ಕಾರಣವಿತ್ತು, ರಷ್ಯಾದ ಉಕ್ಕಿನ ಕವಚದ ತೋಟಾ ಕಡ್ಲೆಪುರಿ ರೇಟಿಗೆ ಸಿಗುತ್ತಿತ್ತು. 2021ರ ಸೆಪ್ಟೆಂಬರಿನಿಂದ ಅಮೆರಿಕ ಅದರ ಆಮದಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಆ ಲಾಭ ಮುಗಿಯಿತು. ಹಳೆಯ ಸೇನಾ ದಾಸ್ತಾನಿನ ತೋಟಾ ಅಗ್ಗಕ್ಕೆ ಸಿಕ್ಕರೆ ಹುಷಾರು. ಅದರ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಉಪ್ಪಿನಂಶ ಉಳಿಸುವ ರಸಾಯನ ಇರಬಹುದು. ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಎಕೆಯೆಂಬ ಮರ್ಯಾದೆಯನ್ನೂ ತುಕ್ಕು ನೋಡುವುದಿಲ್ಲ.

ಎಆರ್ ಕೊಳ್ಳುವಾಗ ನಳಿಗೆಯ ಮೇಲೆ 5.56 ಎಂದು ಬರೆದಿದೆಯಾ ನೋಡಿ. 5.56ರ ಚೇಂಬರಿನಲ್ಲಿ .223 ರೆಮಿಂಗ್ಟನ್ ತೋಟಾ ಧಾರಾಳವಾಗಿ ಹೊಡೆಯಬಹುದು. .223ರ ಚೇಂಬರಿನಲ್ಲಿ 5.56 ಹೊಡೆದರೆ ಒತ್ತಡ ಮಿತಿ ಮೀರುತ್ತದೆ. ನಳಿಗೆ 16 ಇಂಚಿಗಿಂತ ಕಡಿಮೆಯಿದ್ದರೆ ಕಾನೂನು ಬೇರೆ, ಅದರ ತಂಟೆಗೆ ಹೋಗಬೇಡಿ. ದುಬಾರಿ ಕೊಳ್ಳಬೇಕಿಲ್ಲ. ನಡುವಿನ ದರದ್ದೊಂದು ಕೊಂಡು, ಮಿಕ್ಕಿದ ದುಡ್ಡನ್ನು ತೋಟಾಕ್ಕೆ, ಒಳ್ಳೆಯ ಕೋಚ್‌ಗೆ, ಒಂದು ಸೇಫ್‌ಗೆ ಹಾಕಿ. ರೈಫಲ್ಲಿಗೆ ಟಾರ್ಚು, ಹಿಡಿಕೆ, ಲೇಸರು ಎಂದು ಆಯುಧಪೂಜೆಯ ಲಾರಿಯ ಹಾಗೆ ಸಿಂಗರಿಸುವವರನ್ನು ನೋಡಿದ್ದೇನೆ. ಅವರ ಗುರಿಹಲಗೆಯನ್ನೂ ನೋಡಿದ್ದೇನೆ.

ಇಷ್ಟೆಲ್ಲ ಕೇಳಿಯೂ ಎಕೆಯೇ ಬೇಕೆಂದರೆ (ಮನಸ್ಸು ಹಾಗೆ ಕೂತುಬಿಡುತ್ತದೆ, ನನಗೂ ಗೊತ್ತು, ಆ ಬೋಲ್ಟಿನ ಸದ್ದೇ ಹಾಗೆ) ಸರ್ಬಿಯಾದ್ದು ಅಥವಾ ಪೋಲೆಂಡಿನದು ನೋಡಿ. ಹಿಂದಿನಿಂದ ಹಿಡಿದು ಮುಂದಿನ ಸೈಟ್ ನೆಟ್ಟಗಿದೆಯಾ ನೋಡಿ, ಎಷ್ಟೋ ಎಕೆಗಳಲ್ಲಿ ಅದು ಒಂದು ಬದಿಗೆ ವಾಲಿರುತ್ತದೆ. ರಿವೆಟ್ ತಲೆಗಳು ತಗಡಿಗೆ ಒತ್ತಿ ಕೂತಿರಬೇಕು. ಮ್ಯಾಗಜಿನ್ ಸಿಕ್ಕಿಸಿ ಅಲ್ಲಾಡಿಸಿ. ಸ್ವಲ್ಪ ಕದಲಿದರೆ ಪರವಾಗಿಲ್ಲ, ತಲೆ ಆಡಿಸಿದರೆ ಬೇಡ. ಟ್ರನಿಯನ್ ಬಡಿದು ಮಾಡಿದ್ದೋ ಎರಕ ಹೊಯ್ದದ್ದೋ ಕೇಳಿ. ಅಂಗಡಿಯವನು ಉತ್ತರ ಹೇಳಲಾರದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಮನೆ ರಕ್ಷಣೆ ಅಂದಿರಿ. ಅಲ್ಲಿಯ ಮನೆಗಳ ಒಳಗೋಡೆ ಎರಡು ಜಿಪ್ಸಮ್ ಹಲಗೆಯ ನಡುವೆ ಗಾಳಿ. ಈ ಎರಡರಲ್ಲಿ ಯಾವ ಗುಂಡೂ ಅಲ್ಲಿಗೆ ನಿಲ್ಲುವುದಿಲ್ಲ, ಆಚೆ ಕೋಣೆಯಲ್ಲಿ ಮಲಗಿರುವವರು ನಿಮ್ಮವರೇ. ನನ್ನ ಮಟ್ಟಿಗೆ ಇದು ಆಟದ ಸಾಮಾನು, ರೇಂಜಿನಿಂದ ಬಂದೊಡನೆ ಸೇಫಿನಲ್ಲಿರಬೇಕು. ಟೆಕ್ಸಾಸ್‌ನಲ್ಲಿ ಹದಿನೇಳು ತುಂಬದ ಮಕ್ಕಳ ಕೈಗೆ ಬಂದೂಕು ಸಿಗುವಂತೆ ಇಟ್ಟರೆ ಅದೇ ಒಂದು ಅಪರಾಧ. ಊರಿಂದ ಅಪ್ಪ ಅಮ್ಮ ಬಂದಾಗ ಸೇಫಿನ ಕೀಲಿಯನ್ನು ಅವರ ಕೈಗೆ ಕೊಡಬೇಡಿ, ಅವರೂ ನನ್ನ ಹಾಗೆ ಬಿ-2ನವರು.

ಕೊನೆಯದಾಗಿ ನಿಮ್ಮ ಕೆಲಸದ ವಿಷಯ. ನಾಳೆ ಕಂಪನಿಯವರು ನಿಮ್ಮನ್ನು ಕ್ಯಾಲಿಫೋರ್ನಿಯಾಕ್ಕೋ ನ್ಯೂಜೆರ್ಸಿಗೋ ಕಳಿಸಿದರೆ ಈ ರೈಫಲ್ಲನ್ನು ಹಾಗೇ ಕಾರಿನಲ್ಲಿಟ್ಟುಕೊಂಡು ಹೋಗುವ ಹಾಗಿಲ್ಲ. ಆ ರಾಜ್ಯಗಳ ಕಾನೂನೇ ಬೇರೆ. ಇಲಿನಾಯ್ ಮತ್ತು ವಾಷಿಂಗ್ಟನ್ ರಾಜ್ಯಗಳು 2023ರಲ್ಲಿ ಇವುಗಳ ಮಾರಾಟ ನಿಷೇಧಿಸಿದವು. ವರ್ಗಾವಣೆಯ ಗಾಳಿ ಬೀಸುತ್ತಿದ್ದರೆ ಒಂದು ವರ್ಷ ತಡೆಯಿರಿ.

ಪ್ರಶ್ನೆ: ನಮ್ಮ ಸೇನೆಗೆ ಎಕೆ-203 ಬರುತ್ತಿದೆ ಎಂದು ಓದಿದೆ. ಸಿನಿಮಾದಲ್ಲಿ ಕಾಣುವ ಎಕೆ-47ಕ್ಕೂ ಅದಕ್ಕೂ ಏನು ವ್ಯತ್ಯಾಸ? ಅಮೆರಿಕದ ಸಿಗ್ ರೈಫಲ್ ಕೂಡ ತಗೊಂಡಿದ್ದಾರಂತೆ, ಎರಡೆರಡು ಯಾಕೆ?
— ಬಿಎಸ್ಸಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೇಲಿನ ಪ್ಲೇನೋದವರ ಪ್ರಶ್ನೆಯನ್ನೇ ನಮ್ಮ ಸೇನೆಯೂ ಕೇಳಿಕೊಂಡು, ಎರಡಕ್ಕೂ ಹೂಂ ಅಂದಿದೆ. ಸಿಗ್-716 ಎಆರ್ ಮನೆತನದ್ದು. 2019ರಲ್ಲಿ 72,400ಕ್ಕೆ ಒಪ್ಪಂದವಾಯಿತು, 2024ರಲ್ಲಿ ಇನ್ನೂ 73,000. ಅದರ ತೋಟಾ 7.62×51, ನನ್ನ ಕಾಲದಲ್ಲಿ ಸೇನೆಯಲ್ಲಿದ್ದ ಇಶಾಪುರ ಕಾರ್ಖಾನೆಯ ರೈಫಲ್ ಎಸ್‌ಎಲ್‌ಆರ್‌ನದೇ. ಬೆಟ್ಟದಿಂದ ಬೆಟ್ಟಕ್ಕೆ ಹೊಡೆಯುವ ಗಡಿಯಲ್ಲಿ ದೂರ ಹೋಗುವ, ಬಿದ್ದರೆ ಏಳದಂತೆ ಬೀಳಿಸುವ ಗುಂಡು ಬೇಕು. ಎಕೆ-203ಕ್ಕೆ 2021ರ ಡಿಸೆಂಬರಿನಲ್ಲಿ ರಷ್ಯಾ ಜೊತೆ ಸಹಿಯಾಯಿತು. ಅಮೇಠಿಯ ಕೋರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ತಯಾರಾಗಬೇಕು. ಅದರ ಪರಿಣಾಮಕಾರಿ ದೂರ 300 ಮೀಟರ್ ಎಂದು ರಕ್ಷಣಾ ಇಲಾಖೆಯೇ ಹೇಳಿದೆ. ಕಾಡು, ಊರು, ಮನೆ ಮನೆ ಹುಡುಕುವ ಕೆಲಸಕ್ಕೆ ಅಷ್ಟು ಸಾಕು.

ಎಕೆ-47ಕ್ಕೂ 203ಕ್ಕೂ ತೋಟಾ ಒಂದೇ, ಹೊಟ್ಟೆಯೊಳಗಿನ ಏರ್ಪಾಟೂ ಒಂದೇ. ಮರದ ಜಾಗದಲ್ಲಿ ಪಾಲಿಮರ್ ಬಂದಿದೆ. ಬಟ್ ಮಡಚಬಹುದು, ಆಳಿನ ಎತ್ತರಕ್ಕೆ ತಕ್ಕಂತೆ ಉದ್ದ ಮಾಡಬಹುದು. ಹಳೆಯ ಎಕೆಯ ಬಟ್ ಕುಳ್ಳಗಿತ್ತು, ಆರಡಿ ಜಾಟ್ ಹುಡುಗರು ಅದಕ್ಕೆ ಕೆನ್ನೆ ಕೊಡಲು ಗೂನು ಬೀಳುತ್ತಿದ್ದರು. ಮೇಲಿನ ಮುಚ್ಚಳದ ಮೇಲೆ ಸೈಟ್ ಕೂರಿಸುವ ಹಳಿ ಬಂದಿದೆ. ಇದೊಂದೇ ನನಗೆ ದೊಡ್ಡ ಸುಧಾರಣೆ ಎನಿಸುವುದು.

ನಡುವೆ ಇದ್ದ ನಮ್ಮ ಸ್ವದೇಶಿ ರೈಫಲ್ ಇನ್ಸಾಸ್‌ಗೆ ಎಲ್ಲರೂ ಬೈಯುತ್ತಾರೆ. ಅದರ ಒಳಗಿನ ಪಿಸ್ಟನ್ನೂ ಎಕೆಯ ರೀತಿಯದೇ, ಗ್ಯಾಸ್ ಹೆಚ್ಚು ಕಡಿಮೆ ಮಾಡುವ ತಿರುಪು ಎಸ್‌ಎಲ್‌ಆರ್‌ನ ತಾಯಿಯಾದ ಬೆಲ್ಜಿಯಂ ರೈಫಲ್ ಎಫ್‌ಎಎಲ್‌ನಿಂದ ಬಂದದ್ದು. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟಿತು. ಒಳ್ಳೆಯ ನಕ್ಷೆಗೆ ಹದಗೆಟ್ಟ ತಯಾರಿ ಸೇರಿದರೆ ಏನಾಗುತ್ತದೆ ಎಂಬುದನ್ನು ನೋಡಲು ಅಮೆರಿಕದವರೆಗೆ ಹೋಗಬೇಕಿಲ್ಲ.

ಸಿನಿಮಾದ ಎಕೆ-47 ಬಗ್ಗೆ ಒಂದು ಲೆಕ್ಕ ಮಾತ್ರ. ಮ್ಯಾಗಜಿನ್ನಿನಲ್ಲಿ 30 ತೋಟಾ, ಆಟೊಮ್ಯಾಟಿಕ್ ವೇಗ ನಿಮಿಷಕ್ಕೆ 600. ಟ್ರಿಗರ್ ಒತ್ತಿ ಹಿಡಿದರೆ ಮೂರು ಸೆಕೆಂಡಿಗೆ ಖಾಲಿ. ನಮ್ಮ ಹೀರೋಗಳು ಅದರಲ್ಲಿ ಒಂದು ಇಡೀ ಹಿನ್ನೆಲೆ ಸಂಗೀತ ಮುಗಿಸುತ್ತಾರೆ.

ಪ್ರಶ್ನೆ: ನಾವು ಕೊಡವರು. ನಮಗೆ ಬಂದೂಕಿಗೆ ಲೈಸೆನ್ಸ್ ಬೇಕಿಲ್ಲ. ಹಾಗಾದರೆ ಅಮೆರಿಕದಲ್ಲಿರುವ ಮಗನ ಹಾಗೆ ನಾವೂ ಇಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್ ಇಟ್ಟುಕೊಳ್ಳಬಹುದಲ್ಲ? ಅವನದನ್ನೇ ತಂದರೆ?
— ಓದುಗರು, ವಿರಾಜಪೇಟೆ

ಉತ್ತರ: ತರುವುದಿರಲಿ, ಆ ಮಾತನ್ನು ಏರ್‌ಪೋರ್ಟಿನಲ್ಲಿ ಆಡಲೂ ಬೇಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವುದು ಲೈಸೆನ್ಸಿನಿಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು, ಪ್ರಶ್ನಿಸಿ ಹೋದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. ಎಕೆ, ಎಆರ್ ಮಾದರಿಗಳು ನಿಷೇಧಿತ ಶಸ್ತ್ರದ ಸಾಲಿನವು. ಅವನ್ನು ಇಟ್ಟುಕೊಳ್ಳಲು ಸಾಮಾನ್ಯ ಲೈಸೆನ್ಸ್ ಇದ್ದವರಿಗೂ ಅನುಮತಿಯಿಲ್ಲ, ವಿನಾಯಿತಿ ಇದ್ದವರಿಗೂ ಇಲ್ಲ. 2019ರ ತಿದ್ದುಪಡಿಯ ನಂತರ ನಿಷೇಧಿತ ಶಸ್ತ್ರ ಇಟ್ಟುಕೊಂಡರೆ ಕನಿಷ್ಠ ಏಳು ವರ್ಷ, ಗರಿಷ್ಠ ಹದಿನಾಲ್ಕು. ಕೈಲ್‌ಪೊಳ್ದ್‌ಗೆ ಮನೆಯ ತೋಕಿಗೆ (ಬಂದೂಕಿಗೆ) ಹೂವೇರಿಸಿ, ತೆಂಗಿನಕಾಯಿಗೆ ಹೊಡೆಯಿರಿ. ತೆಂಗಿನಕಾಯಿ ಬೀಳಿಸಲು ಒಂದು ಗುಂಡು ಸಾಕು, ಎರಡನೆಯದಕ್ಕೆ ಮತ್ತೆ ತುಂಬುವ ತನಕ ಪಕ್ಕದವರು ಕಾಯುತ್ತಾರೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟ. ಲೈಸೆನ್ಸ್ ಇರುವ ಹಳೆಯ ಡಬಲ್ ಬ್ಯಾರೆಲ್ ಒಂದಿದೆ. ಪ್ರತಿ ಮಳೆಗಾಲ ತುಕ್ಕು. ಚರ್ಮದ ಕವರಿನಲ್ಲೇ ಜೋಪಾನ ಮಾಡುತ್ತೇನೆ, ಆದರೂ ಯಾಕೆ?
— ಓದುಗರು, ಹಾನುಬಾಳು

ಉತ್ತರ: ಕವರಿನಿಂದಲೇ. ಚರ್ಮ ತೇವವನ್ನು ಹೀರಿ ಬಂದೂಕಿನ ಮೈಗೆ ಒತ್ತಿ ಹಿಡಿಯುತ್ತದೆ. ಜೂನ್ ಬರುವ ಮೊದಲೇ ಕವರ್ ಬಿಚ್ಚಿ ಬೇರೆ ಇಡಿ. ಬಂದೂಕನ್ನು ಬೀಗವಿರುವ ಬೀರುವಿನಲ್ಲಿ, ಗೋಡೆಗೆ ತಾಗದ ಹಾಗೆ ನಿಲ್ಲಿಸಿ. ಬೀರುವಿನೊಳಗೆ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಮುಟ್ಟಿದಾಗಲೆಲ್ಲ ಬೆರಳಿನ ಬೆವರು ಉಳಿಯುತ್ತದೆ, ಎಣ್ಣೆ ಬಟ್ಟೆಯಿಂದ ಒರೆಸಿಯೇ ಇಡಬೇಕು. ತೆಂಗಿನೆಣ್ಣೆ ಬೇಡ, ಅದು ಅಂಟಾಗಿ ಕೂರುತ್ತದೆ. ಒಳಗಿನ ಎಣ್ಣೆ ಹೆಚ್ಚಾದರೆ ಮರಕ್ಕೆ ಇಳಿದು ಬಟ್ ಮೆತ್ತಗಾಗುತ್ತದೆ, ಆದ್ದರಿಂದ ಎಣ್ಣೆ ಹಾಕಿದ ಮೊದಲ ದಿನ ನಳಿಗೆ ಕೆಳಮುಖವಾಗಿ ನಿಲ್ಲಿಸಿ. ಈಗಾಗಲೇ ಹಿಡಿದ ತುಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಡಿ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒರಟು ಬಟ್ಟೆಯಿಂದ ತಿಕ್ಕಿ. ಒಳನಳಿಗೆಯಲ್ಲಿ ಗುಳಿ ಬಿದ್ದಿದ್ದರೆ ಮಾತ್ರ ಹೊಡೆಯಬೇಡಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ, ಹೋಗುವಾಗ ಲೈಸೆನ್ಸ್ ಪುಸ್ತಕ ಜೊತೆಗಿರಲಿ.